ಮೇಸ್ತ್ರಿಯ ಅಳತೆ

ತಮ್ಮನ ಮಗಳು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಅವಳ ಕಂಪ್ಯೂಟರಿನೊಳಗೆ ಒಂದು ಬೊಂಬೆ. ಬಗ್ಗು ಅಂದರೆ ಬಗ್ಗುತ್ತದೆ, ಎತ್ತು ಅಂದರೆ ಎತ್ತುತ್ತದೆ. ಕತ್ತು, ಭುಜ, ಸೊಂಟ ನೋಡಿ ಅಂಕ ಬೀಳುತ್ತದೆ. 1993ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ ‘ರೂಲಾ’ ಎಂಬ ಲೆಕ್ಕವಂತೆ. ಒಂದು ಬಂದರೆ ಕ್ಷೇಮ, ಏಳು ಬಂದರೆ ತಕ್ಷಣ ಬದಲಿಸಬೇಕು. “ನಿಮ್ಮ ಕಾಲದಲ್ಲಿ ಇದನ್ನೆಲ್ಲ ಯಾರು ನೋಡ್ತಿದ್ರು ದೊಡ್ಡಪ್ಪ?” ಅಂದಳು.

ನಮ್ಮ ಮೇಸ್ತ್ರಿ ನೋಡುತ್ತಿದ್ದರು. ಪೀಣ್ಯದಲ್ಲಿ ನಾವು ದುಡಿದ ಶೆಡ್ಡು ಈಗ ಯಾರದೋ ಗೋಡೌನು. ಸೋಮವಾರ ಬೆಳಗ್ಗೆ ಬೀಗ ತೆಗೆದರೆ, ಭಾನುವಾರವಿಡೀ ನಿಂತ ಕೂಲೆಂಟಿನ ಕೊಳೆತ ಮೊಟ್ಟೆ ನಾತ. ಮೂಗು ಮುಚ್ಚಿದವನು ಹೊಸಬ ಎಂದು ಗೊತ್ತಾಗುತ್ತಿತ್ತು. ಮೇಸ್ತ್ರಿ ಅವನ ಹೆಸರು ಕೇಳುವ ಮೊದಲೇ ವೈಸಿನ ಮುಂದೆ ನಿಲ್ಲಿಸಿ, “ಗಲ್ಲಕ್ಕೆ ಮುಷ್ಟಿ ಕೊಡು” ಅನ್ನುವರು. ಮೊಣಕೈ ವೈಸಿನ ತಲೆಗೆ ತಾಗಬೇಕು. ವೈಸು ತಗ್ಗಾದರೆ ಬೆಂಚಿನಡಿ ಮರದ ತುಂಡು, ಎತ್ತರವಾದರೆ ಹುಡುಗನ ಕಾಲಡಿ ಹಲಗೆ. ಅಷ್ಟಾದ ಮೇಲೇ ಕೈಗೆ ಅರ.

ಡ್ರಿಲ್ಲಿಂಗ್ ಮಷೀನಿನವರಿಗೆ ಸ್ಟೂಲು ಕೇಳಿದಾಗ ಮಾಲೀಕರು, “ಕೂತ್ರೆ ನಿದ್ದೆ ಹೊಡೀತಾರೆ” ಅಂದರು. ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದು ಆಗಿದ್ದ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ ಹೇಳುತ್ತಿತ್ತು. ಮೇಸ್ತ್ರಿ ಕಾಯ್ದೆ ಎತ್ತಲಿಲ್ಲ. “ಸ್ಕ್ರಾಪು ಇಳಿಸಿ ತೋರಿಸ್ತೀನಿ ಸಾರ್, ಒಂದು ತಿಂಗಳು ಕೊಡಿ” ಅಂದರು. ನಾಲ್ಕು ಕೇಳಿ ಎರಡು ತಂದರು. ಸರದಿಯ ಮೇಲೆ ಕೂತೆವು.

ಹಾಗಂತ ಅದೇನೂ ರಾಮರಾಜ್ಯವಲ್ಲ. ಲೇತಿನ ಚಕ್ಕನ್ನು ಇಬ್ಬರು ಕೈಯಲ್ಲೇ ಎತ್ತಿ ಏರಿಸುತ್ತಿದ್ದೆವು. ಸೊಂಟ ಹೋದವರ ಲೆಕ್ಕ ಯಾರೂ ಇಡಲಿಲ್ಲ. ಕೊನೆಕೊನೆಗೆ ಮೇಸ್ತ್ರಿಗೇ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಎತ್ತರಕ್ಕೆ ಅವರ ಬಳಿ ಅಳತೆ ಇತ್ತು, ಭಾರಕ್ಕೆ ಇರಲಿಲ್ಲ. ಬೊಂಬೆ ಅದನ್ನು ಮಷೀನು ಬಂದಿಳಿಯುವ ಮೊದಲೇ ಹೇಳುತ್ತದೆ. ಅಹಮದಾಬಾದಿನ ಎನ್‌ಐಡಿ 1997ರಲ್ಲಿ ಪ್ರಕಟಿಸಿದ ನಮ್ಮ ಜನರ ಮೈ ಅಳತೆಯನ್ನೇ ಹುಡುಗಿ ಅದಕ್ಕೆ ಕೊಟ್ಟಿದ್ದಾಳೆ. ಭೇಷ್.

ಆದರೆ ಬಗ್ಗುವುದು ತಪ್ಪಿ ಉಳಿದ ಸೆಕೆಂಡು ಯಾರಿಗೆ ಹೋಯಿತು ಎಂದು ಕೇಳಿದೆ. ಟಾರ್ಗೆಟ್ಟಿಗೆ, ಅಂದಳು. ಗಂಟೆಗೆ ಇನ್ನಷ್ಟು ಪೀಸು. ಸೊಂಟ ಉಳಿಸಿ ಮಣಿಕಟ್ಟು ಸವೆಸುವ ಜಾಣತನ ಇದು. ಲೈನಿನಲ್ಲಿರುವ ಗುತ್ತಿಗೆ ಹುಡುಗರನ್ನು ಯಾರಾದರೂ ಮಾತಾಡಿಸಿದ್ದರೇ ಅಂದರೆ, ಉತ್ತರವಿಲ್ಲ.

ಎಂಜಿನಿಯರ್ ಮಕ್ಕಳೇ, ಬೊಂಬೆ ಇರಲಿ. ಲೇಔಟಿಗೆ ಸಹಿ ಹಾಕುವ ಮುಂಚೆ ಅಲ್ಲಿ ನಿಲ್ಲುವವರನ್ನೂ ಒಮ್ಮೆ ಕೇಳಿ, ಅದೂ ರಾತ್ರಿ ಪಾಳಿಯ ಕೊನೆಯ ಗಂಟೆಯಲ್ಲಿ.