ಅರಿಜೋನಾದ ರಸ್ತೆಯಲ್ಲಿ ಭದ್ರಾ ಹಿನ್ನೀರು

ಅಮೆರಿಕಕ್ಕೆ ಬಂದ ಮೇಲೆ ನಮ್ಮ ಗ್ಯಾಂಗಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಊರಿನ ಹೆಸರೇ ಹೆಸರು. ಒಬ್ಬ ದಾವಣಗೆರೆ, ಒಬ್ಬಳು ಪುತ್ತೂರು, ಇನ್ನೊಬ್ಬ ವಾರಂಗಲ್. ನಾನು ಕೊಪ್ಪ. "ಕೊಪ್ಪ ಅಲ್ಲ ಮಾರಾಯ, ಮುತ್ತಿನಕೊಪ್ಪ. ಕೊಪ್ಪ ಬೇರೆ ತಾಲ್ಲೂಕು, ನಮ್ಮದು ಎನ್.ಆರ್. ಪುರ" ಅಂತ ಎಷ್ಟು ಸಲ ಹೇಳಿದರೂ ಅರ್ಧ ಹೆಸರೇ ಉಳಿದುಕೊಂಡಿತು. ನಾಲ್ವರೂ ಅರಿಜೋನಾದ ಟೆಂಪಿಯಲ್ಲಿ ಎಂ.ಎಸ್. ಮಾಡ್ತಿದ್ದೇವೆ. ಮಾರ್ಚ್ ತಿಂಗಳ ಸ್ಪ್ರಿಂಗ್ ಬ್ರೇಕಿನಲ್ಲಿ ಬಾಡಿಗೆ ಕಾರು ಹಿಡಿದು ಮೂರು ದಿನ ಉತ್ತರ ಅರಿಜೋನಾ ಸುತ್ತಿದೆವು. ಕನ್ನಡ ಸಂಘದ ಜೂನಿಯರ್‌ಗಳು "ಅದನ್ನೇ ಬರೀರಿ" ಅಂದಿದ್ದಕ್ಕೆ ಈ ಬರಹ.

ಮುಂದೆ ಇಲ್ಲಿಗೆ ಬರುವವರಿಗೆ ಒಂದು ಮಾತು: 25 ತುಂಬದವರು ಕಾರು ಬಾಡಿಗೆಗೆ ತಗೊಂಡರೆ ದಿನಕ್ಕಿಷ್ಟು ಅಂತ ಹೆಚ್ಚುವರಿ ದುಡ್ಡು ಕೀಳ್ತಾರೆ. ಹಾಗಾಗಿ ಕೆಲಸ ಮಾಡಿ ಬಂದಿದ್ದ, ವಯಸ್ಸಿನಲ್ಲಿ ಹಿರಿಯನಾದ ದಾವಣಗೆರೆಯೇ ನಮ್ಮ ಡ್ರೈವರ್. ಬುತ್ತಿಗೆ ಪುಳಿಯೋಗರೆ, ಜೊತೆಗೆ ಅಮ್ಮ ಕಳಿಸಿದ್ದ ಅಪ್ಪೆಮಿಡಿ.

ಫೀನಿಕ್ಸ್ ಬಿಡುವಾಗ ಸುತ್ತಲೂ ಕೈ ಎತ್ತಿ ನಿಂತ ಮನುಷ್ಯರ ಹಾಗೆ ಸಗುವಾರೊ ಕಳ್ಳಿಗಳು. ಎರಡೂವರೆ ಗಂಟೆ ಏರಿ ಫ್ಲ್ಯಾಗ್‌ಸ್ಟಾಫ್ ಮುಟ್ಟಿದರೆ ಪೈನ್ ಕಾಡು, ರಸ್ತೆ ಬದಿಯಲ್ಲಿ ಹಿಮ. ಸುಮಾರು 2,100 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಒಂದು ಇಡೀ ಊರು! ಅಲ್ಲಿಂದ ಉತ್ತರಕ್ಕೆ ಇಳಿದರೆ ಮರವೇ ಇಲ್ಲ. ಕೆಂಪು ಮಣ್ಣು, ಕೆಂಪು ಬಂಡೆ, ನೆಟ್ಟಗೆ ಹೋಗುವ ರಸ್ತೆ.

ಸಂಜೆ ಪೇಜ್ ಎಂಬ ಊರು ತಲುಪಿದೆವು. ಕೊಲೊರಾಡೊ ನದಿಗೆ ಅಡ್ಡಲಾಗಿ ಕಟ್ಟಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಇರುವುದು ಇಲ್ಲೇ. ಎತ್ತರ 216 ಮೀಟರ್. ಸಿವಿಲ್ ಓದಿದ ದಾವಣಗೆರೆ ಲೆಕ್ಚರ್ ಶುರು ಮಾಡಿದ. ಬಿಲ್ಲಿನ ಹಾಗೆ ಬಾಗಿದ ಕಾಂಕ್ರೀಟು ನೀರಿನ ಒತ್ತಡವನ್ನು ಎರಡೂ ಕಡೆಯ ಬಂಡೆಗೆ ದಾಟಿಸುತ್ತದಂತೆ. 1963ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದ್ದು, ಹಿಂದಿನ ಪೊವೆಲ್ ಸರೋವರ ಪೂರ್ತಿ ತುಂಬಿದ್ದು 1980ರಲ್ಲಿ. ಈಗ ನೀರು ಇಳಿದು, ಬಂಡೆಗಳ ಮೇಲೆ ಸ್ನಾನದ ತೊಟ್ಟಿಯ ಕಲೆಯಂಥ ಬಿಳಿ ಪಟ್ಟಿ ಕಾಣುತ್ತದೆ.

"ಕೆಳಗೆ ಏನಿತ್ತು?" ಅಂತ ಪುತ್ತೂರು ಕೇಳಿದಳು.

ಒಂದು ಇಡೀ ಕಣಿವೆಯೇ ಇತ್ತು. ಹಳೆಯ ಜನರ ಕಲ್ಲಿನ ಮನೆಗಳು, ಬಂಡೆಯ ಮೇಲೆ ಕೊರೆದ ಚಿತ್ರಗಳು ಇದ್ದವು. ಅದನ್ನು ಹೇಳುತ್ತಾ ನನ್ನ ಮಾತು ತಾನಾಗೇ ಅಜ್ಜಿಯ ಕಡೆ ತಿರುಗಿತು. ಅಜ್ಜಿಯ ತವರು ಭದ್ರಾ ಹಿನ್ನೀರಿನಡಿ ಇದೆ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದಾಗ ಅವರಿನ್ನೂ ಲಂಗ ಉಟ್ಟ ಹುಡುಗಿ. ಎನ್.ಆರ್. ಪುರಕ್ಕೆ ಆ ಹೆಸರು ಬಂದದ್ದು 1915ರಲ್ಲಿ. ಅಜ್ಜಿಗೆ ಇವತ್ತಿಗೂ ಅದು ಎಡೇಹಳ್ಳಿ. ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಜಲಾಶಯದ ಮಟ್ಟ ನೋಡಿಸುತ್ತಾರೆ. 186 ಅಡಿ ಅಂದರೆ ಭರ್ತಿ. "ಹಾಗಾದ್ರೆ ನಮ್ಮ ಮನೆ ಹೆಂಚಿನ ಮೇಲೆ ಇನ್ನೂ ಎಷ್ಟು ನೀರು ಬಂತು?" ಅಂತ ಕೇಳುತ್ತಾರೆ.

ದಾವಣಗೆರೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಲೇ ಕೊಪ್ಪ, ನಮ್ಮ ಗದ್ದೆಗೆ ಬರೋದು ಭದ್ರಾ ನಾಲೆ ನೀರು. ಆ ಭತ್ತ ಮಾರಿಯೇ ನಮ್ಮಪ್ಪ ನನ್ನ ಫೀಸು ಕಟ್ಟಿದ್ದು."

ಒಂದೇ ಕಾಲೇಜು, ಈಗ ಒಂದೇ ಮನೆ, ಒಂದೇ ಕುಕ್ಕರ್. ಈ ಮಾತು ನಮ್ಮಿಬ್ಬರ ನಡುವೆ ಬಂದದ್ದು ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ, ಬೇರೆ ಯಾರದೋ ಅಣೆಕಟ್ಟಿನ ಮುಂದೆ.

ಮರುದಿನ ಪೂರ್ವಕ್ಕೆ ಹೊರಟು ನವಾಹೊ ಸೀಮೆ ಹೊಕ್ಕೆವು. ಮೊಬೈಲಿನ ಗಡಿಯಾರ ತಾನಾಗೇ ಒಂದು ಗಂಟೆ ಮುಂದಕ್ಕೆ ಹಾರಿತು. ಅರಿಜೋನಾದ ಉಳಿದ ಕಡೆ ಬೇಸಿಗೆಗೆ ಗಡಿಯಾರ ಬದಲಿಸುವುದಿಲ್ಲ, ನವಾಹೊ ಜನ ಬದಲಿಸುತ್ತಾರೆ. ಅವರ ಸೀಮೆಯ ಮಧ್ಯದಲ್ಲಿರುವ ಹೋಪಿ ಜನ ಮತ್ತೆ ಬದಲಿಸುವುದಿಲ್ಲ! ವಾರಂಗಲ್ ರೇಡಿಯೊ ತಿರುಗಿಸುತ್ತಾ 660ರಲ್ಲಿ ನಿಂತ. ನವಾಹೊ ಭಾಷೆ. ಎರಡನೇ ಮಹಾಯುದ್ಧದಲ್ಲಿ ಇದೇ ಭಾಷೆಯಲ್ಲಿ ಕಟ್ಟಿದ ಸಂಕೇತವನ್ನು ಜಪಾನೀಯರಿಗೆ ಒಡೆಯಲಾಗಲಿಲ್ಲ. ಒಂದು ಪದವೂ ಅರ್ಥವಾಗದಿದ್ದರೂ ಓದುವ ಧಾಟಿ ಕೇಳಿ ನನಗೆ ನಮ್ಮ ಅಡುಗೆಮನೆಯ ಭದ್ರಾವತಿ ಆಕಾಶವಾಣಿ ನೆನಪಾಯಿತು. ಅದು 675, ಮುಳ್ಳಿನಲ್ಲಿ ಪಕ್ಕದ ಮನೆ.

ರಸ್ತೆಯಲ್ಲಿ ಪಿಕಪ್ ಗಾಡಿಗಳ ಹಿಂದೆ ದೊಡ್ಡ ನೀರಿನ ಟ್ಯಾಂಕ್. ಇಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ನಲ್ಲಿ ನೀರಿಲ್ಲ. ಮೈಲಿಗಟ್ಟಲೆ ಹೋಗಿ ತುಂಬಿ ತರಬೇಕು. ಹಿಂದಿನ ಸಂಜೆ ಅಷ್ಟು ದೊಡ್ಡ ಸರೋವರ ನೋಡಿ ಬಂದ ನಾವು ಕಾರಿನಲ್ಲಿ ಮಾತಾಡಲಿಲ್ಲ.

ಮಾನ್ಯುಮೆಂಟ್ ವ್ಯಾಲಿಯಲ್ಲಿ ಜೀಪು ಓಡಿಸಿದ ನವಾಹೊ ಹಿರಿಯರು ಒಂದೊಂದು ಬಂಡೆಯನ್ನೂ ತಮ್ಮ ಭಾಷೆಯ ಹೆಸರಿನಿಂದ ಪರಿಚಯಿಸಿದರು. "ನನಗೆ ಇಷ್ಟು ಗೊತ್ತು. ನಮ್ಮಜ್ಜಿಗೆ ಇದರ ಹತ್ತರಷ್ಟು ಗೊತ್ತಿತ್ತು" ಅಂದರು.

ಆ ರಾತ್ರಿ ಕಯೆಂಟಾದ ರೂಮಿನಿಂದ ಮನೆಗೆ ವಿಡಿಯೊ ಕಾಲ್ ಮಾಡಿದೆ. ನಮಗೆ ಎಂಟು ಗಂಟೆ, ಊರಲ್ಲಿ ಬೆಳಗ್ಗೆ ಏಳೂವರೆ. ಅಜ್ಜಿ ಜಗಲಿಯಲ್ಲಿದ್ದರು. ದಾವಣಗೆರೆ ತಾನೇ ಫೋನ್ ತಗೊಂಡು ತನ್ನ ಊರು, ಗದ್ದೆ, ನಾಲೆ ಎಲ್ಲ ಹೇಳಿದ. ಅಜ್ಜಿ ಕೇಳಿದ್ದು ಒಂದೇ: "ಬೆಳೆ ಚೆನ್ನಾಗಿ ಬರ್ತದಾ ಮಗಾ?"

"ಬರ್ತದ ಅಜ್ಜಿ. ನೀರು ಬಿಟ್ಟ ವರ್ಷ ಎರಡು ಬೆಳೆ."

"ಹಾಂ. ಹಾಗಾದ್ರೆ ಸುಮ್ನೆ ಮುಳುಗ್ಲಿಲ್ಲ." ಸ್ವಲ್ಪ ತಡೆದು, "ಆದ್ರೂ ಅಂಥಾ ಗದ್ದೆ ನಮಗೆ ಮತ್ತೆ ಸಿಕ್ಕಲಿಲ್ಲ ನೋಡು" ಅಂದರು.

ಆಮೇಲೆ ನಾನು ಹೆಸರುಗಳನ್ನು ಕೇಳುತ್ತಾ ಹೋದೆ. ಗದ್ದೆಯದು, ಬನದ್ದು, ಹಳ್ಳದ್ದು, ದನ ನೀರು ಕುಡಿಯುತ್ತಿದ್ದ ಗುಂಡಿಯದ್ದು. ಪುತ್ತೂರು ಪೆಟ್ರೋಲ್ ಬಿಲ್ಲಿನ ಹಿಂದೆ ಬರೆದುಕೊಂಡಳು. ಹತ್ತೊಂಬತ್ತು ಹೆಸರು. ಗೂಗಲ್ ಮ್ಯಾಪಿನಲ್ಲಿ ಆ ಜಾಗ ಬರೀ ನೀಲಿ. ಊರಿಗೆ ಹೋದಾಗ ಅಜ್ಜಿಯನ್ನು ದಡದಲ್ಲಿ ಕೂರಿಸಿ, ಯಾವುದು ಎಲ್ಲಿತ್ತು ಅಂತ ಕೈ ತೋರಿಸಿ ಹೇಳಿಸಬೇಕು. ಬೇಸಿಗೆಯಲ್ಲೇ ಹೋಗಬೇಕು, ಆಗ ನೀರು ಇಳಿದಿರುತ್ತದೆ. ದಾವಣಗೆರೆ ತಾನೂ ಬರುತ್ತೇನೆ ಅಂದಿದ್ದಾನೆ, ಮನೆಯ ಅಕ್ಕಿ ಒಂದು ಚೀಲ ಹೊತ್ತುಕೊಂಡು.