ಒಂದಕ್ಕೆ ಇಪ್ಪತ್ತರ ತೂಬು

ಮೊದಲೇ ಒಪ್ಪಿಕೊಂಡುಬಿಡ್ತೀವಿ. ಸಿವಿಲ್ ಎರಡನೇ ವರ್ಷಕ್ಕೆ ಬಂದಿದ್ರೂ ನಮ್ಮ ಮೂರು ಜನರಲ್ಲಿ ಇಬ್ಬರಿಗೆ ತೂಬು ಅಂದ್ರೆ ಏನಂತ ಗೊತ್ತಿರಲಿಲ್ಲ. ಸ್ಲೂಸ್ ಅಂದ್ರೆ ಗೊತ್ತಿತ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ ಓದಿದವರ ಪಾಡು ಇದು. ಮೂರನೆಯವನು ಮದಲೂರಿನವನು, ಅವನಿಗೆ ತೂಬು ಗೊತ್ತಿತ್ತು, ಸ್ಲೂಸ್ ಅಂದ್ರೂ ಅದೇ ಅಂತ ಮಾತ್ರ ಗೊತ್ತಿರಲಿಲ್ಲ.

ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು 'ನಮ್ಮೂರಿನ ಒಂದು ಕಟ್ಟಡ' ಅಂತ ಮಾಡೆಲ್ ಪ್ರದರ್ಶನ ಇಟ್ಟಿದ್ರು. ನಮ್ಮಲ್ಲಿ ಮಧುಗಿರಿಯವಳು ಬೆಟ್ಟದ ಕೋಟೆ ಮಾಡೋಣ ಅಂದ್ಲು. ಇಡೀ ಬೆಟ್ಟ ಒಂದೇ ಬಂಡೆ, ಅದನ್ನ ಯಾವ ಅಳತೆಗೆ ಇಳಿಸೋದು? ತುಮಕೂರಿನವನು ಸಿರಾದ ಮಲಿಕ್ ರಿಹಾನ್ ಗೋರಿ ಅಂದ. 1651ರ ಕಟ್ಟಡ, ಚೆನ್ನಾಗೇ ಇರ್ತಿತ್ತು, ಆದ್ರೆ ಗುಮ್ಮಟದ ಕೆಲಸ ಹದಿನೈದು ದಿನದಲ್ಲಿ ಆಗೋದಲ್ಲ. ಕೊನೆಗೆ ಮದಲೂರಿನವನು ತಮ್ಮೂರ ಪಕ್ಕದ ಒಂದು ಸಣ್ಣ ಕಟ್ಟೆಯ ತೂಬಿನ ಫೋಟೋ ತೋರಿಸಿದ. ಎರಡು ಕಲ್ಲುಕಂಬ, ನಡುವೆ ಅಡ್ಡ ಚಪ್ಪಡಿಗಳು, ಚಪ್ಪಡಿಯಲ್ಲಿ ತೂತು, ತೂತಿನೊಳಗಿಂದ ಕೆಳಗಿಳಿಯೋ ಮರದ ಗಳ, ಗಳದ ತುದಿಗೆ ಬಿರಡೆ. ಸುಲಭ ಅನ್ನಿಸ್ತು. ಅದಕ್ಕೇ ಆರಿಸಿದ್ವಿ, ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

ಅಳತೆ 1:20. ಕಂಬ ಹತ್ತಡಿ, ಮಾಡೆಲ್‌ನಲ್ಲಿ ಹದಿನೈದು ಸೆಂಟಿಮೀಟರ್. ಥರ್ಮಾಕೋಲ್ ಕತ್ತರಿಸಿ ಕಂಬ ಮಾಡಿ, ಬೂದು ಬಣ್ಣದ ಸ್ಪ್ರೇ ಹೊಡೆದ್ವಿ. ಐದು ನಿಮಿಷದಲ್ಲಿ ಕಂಬ ಸಕ್ಕರೆ ಅಚ್ಚು ನೀರಿಗೆ ಬಿದ್ದ ಹಾಗೆ ಕರಗಿಹೋಯ್ತು. ಸ್ಪ್ರೇಯಲ್ಲಿರೋ ದ್ರಾವಕ ಥರ್ಮಾಕೋಲನ್ನು ತಿನ್ನುತ್ತೆ ಅಂತ ಫಸ್ಟ್ ಇಯರ್ ಕೆಮಿಸ್ಟ್ರಿಯವರು ನಮಗೆ ಹೇಳೇ ಇರಬಹುದು, ನಾವು ಆವತ್ತು ಕ್ಯಾಂಟೀನ್‌ನಲ್ಲಿ ಇದ್ದಿರಬಹುದು. ಎರಡನೇ ಸಲ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದು, ಅರ್ಧ ಒಣಗಿದಾಗ ಹಳೇ ಬ್ಲೇಡಿನಿಂದ ಕೆತ್ತಿ ಕಲ್ಲಿನ ಮೈ ತಂದ್ವಿ.

ಆಮೇಲಿನದೇ ನಿಜವಾದ ಕೆಲಸ, ಹಳೆಯದಾಗಿಸೋದು. ಅಭ್ಯಾಸಕ್ಕೆ ಅಂತ ಆನ್‌ಲೈನ್‌ನಲ್ಲಿ ಒಂದು 1:87 ಕಿಟ್ ತರಿಸಿದ್ವಿ. ಇಳಿಜಾರು ಸೂರು, ಚಿಮಣಿ ಇರೋ ಯಾವುದೋ ಯುರೋಪಿನ ಮನೆ. ವಿಡಿಯೋ ನೋಡಿ ಕಲಿತ್ವಿ. ಬಣ್ಣವನ್ನು ನೀರು ನೀರಾಗಿ ಮಾಡಿ ಬಳಿದ್ರೆ ಅದು ಸಂದುಗಳಿಗೆ ಇಳಿದು ಕಪ್ಪಾಗುತ್ತೆ. ಬ್ರಶ್ಶನ್ನ ಬಟ್ಟೆಗೆ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನೋವಾಗ ಸವರಿದ್ರೆ ಉಬ್ಬಿದ ಅಂಚುಗಳು ಮಾತ್ರ ಬೆಳ್ಳಗಾಗ್ತವೆ. ಮೇಲೆ ಇದ್ದಿಲ ಪುಡಿ, ಇಟ್ಟಿಗೆ ಪುಡಿ. ಚಿಮಣಿ ಮನೆ ನೂರು ವರ್ಷ ಹಳೇದಾಯ್ತು. ಅದೇ ಜೋಶಿನಲ್ಲಿ ತೂಬಿನ ಕಂಬಗಳಿಗೂ ಮೇಲಿಂದ ಕೆಳಕ್ಕೆ ಮಳೆನೀರು ಇಳಿದ ಕಲೆಗಳನ್ನ ಎಳೆದ್ವಿ. ಸಖತ್ತಾಗಿತ್ತು.

ಕೆರೆ ಅಂಗಳಕ್ಕೆ ಮಣ್ಣು ಮದಲೂರಿಂದಲೇ ತರಿಸಿ, ತೆಳು ಬಟ್ಟೆಯಲ್ಲಿ ಸೋಸಿ ಹರಡಿದ್ವಿ. ಮೊದಲು ದಪ್ಪಗೆ ಹಾಕಿದ್ದಕ್ಕೆ ಬಿಸ್ಕತ್ತಿನಷ್ಟು ದೊಡ್ಡ ಬಿರುಕುಗಳು ಬಂದ್ವು. ಎರಡು ಮಿಲಿಮೀಟರಿಗೆ ಇಳಿಸಿದ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಾಗಿ ಒಡೀತು. ಪದರ ತೆಳುವಾದಷ್ಟೂ ಬಿರುಕು ಹತ್ತಿರ ಹತ್ತಿರ. ಯಾವ ಬಣ್ಣವೂ ಬೇಕಾಗಲಿಲ್ಲ. ನಾವಿಬ್ಬರು ಕುಣಿದಾಡಿದ್ವಿ, 'ಎಷ್ಟು ರಿಯಲ್ ಆಗಿದೆ ಅಲ್ವಾ' ಅಂತ.

ಮದಲೂರಿನವನು ಕುಣಿಯಲಿಲ್ಲ. 'ನೀರು ಹಾಕೋಣ' ಅಂದ. ರೆಸಿನ್ ಹೊಯ್ದ್ರೆ ಗಾಜಿನಂಥ ನೀರು ಬರುತ್ತೆ. ಇಷ್ಟು ಚೆಂದದ ಬಿರುಕು ಮುಚ್ಚಿಹೋಗುತ್ತಲ್ಲೋ ಅಂದ್ವಿ. 'ಚೆಂದ' ಅನ್ನೋ ಪದ ನಮ್ಮ ಬಾಯಿಂದಲೇ ಬಂತು. ಅವನು ಎದ್ದು ಹೋದ. ಎರಡು ದಿನ ಲ್ಯಾಬ್ ಕಡೆ ತಲೆ ಹಾಕಲಿಲ್ಲ.

ಅವರಪ್ಪ ಕಡಲೆಕಾಯಿ ಬೆಳೀತಿದ್ರು. ಮೂರು ಬೋರು ಬತ್ತಿದ ಮೇಲೆ ಬೆಂಗಳೂರಿಗೆ ಹೋಗಿ ಡ್ರೈವರ್ ಆದ್ರು. ಇದು ನಮಗೆ ಗೊತ್ತಿತ್ತು, ಆದ್ರೆ ಮಾಡೆಲ್‌ಗೂ ಅದಕ್ಕೂ ಸಂಬಂಧ ಅಂತ ಹೊಳೆದಿರಲಿಲ್ಲ. ಮದಲೂರು ಕೆರೆ ಹೆಸರು ಪೇಪರ್ ಓದುವವರಿಗೆಲ್ಲ ಗೊತ್ತು. ಗೊರೂರಿನ ಹೇಮಾವತಿ ನೀರು ಕಳ್ಳಂಬೆಳ್ಳ ದಾಟಿ, ಸಿರಾ ಕೆರೆ ದಾಟಿ ಮದಲೂರಿಗೆ ಬರಬೇಕು. 2020ರ ನವೆಂಬರ್ ಉಪಚುನಾವಣೆಯಲ್ಲಿ ಭಾಷಣಗಳೆಲ್ಲ ಈ ಕೆರೆ ತುಂಬಿಸೋ ಸುತ್ತಲೇ. ಆಗ ನಾವು ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ ಮಲಗ್ತಿದ್ವಿ. ಅವನು ನೆಟ್‌ವರ್ಕ್ ಸಿಗಲಿ ಅಂತ ಕೆರೆ ಏರಿ ಮೇಲೆ ಕೂರ್ತಿದ್ನಂತೆ. ಕೆಳಗೆ ಅಂಗಳದ ತುಂಬ ಜಾಲಿ.

ಭಾನುವಾರ ಸಿರಾಕ್ಕೆ ಬಸ್ ಹತ್ತಿ ಅವನ ಊರಿಗೆ ಹೋದ್ವಿ, ಸಮಾಧಾನ ಮಾಡೋಕೆ ಅರ್ಧ, ತೂಬನ್ನ ಕಣ್ಣಾರೆ ನೋಡೋಕೆ ಅರ್ಧ. ಅವರ ತಾತ ಆ ಕಟ್ಟೆಯ ನೀರಗಂಟಿ ಆಗಿದ್ದವರು. ಮೊಬೈಲಲ್ಲಿ ಮಾಡೆಲ್ ತೋರಿಸಿದ್ವಿ. ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದ್ರು. 'ಇದೇನ್ರಪ್ಪಾ, ಕಂಬಕ್ಕೆ ಹಕ್ಕಿ ಹಿಕ್ಕೆ ಹಾಕ್ದಂಗೈತೆ' ಅಂದ್ರು. ನಮ್ಮ ಮಳೆ ಕಲೆಗಳು! ನಾವು ಕಲಿತದ್ದು ದಿನಾ ಮಳೆ ಬರೋ ದೇಶದ ಹಳೆತನ. ಕಟ್ಟೆಗೆ ಕರ್ಕೊಂಡು ಹೋಗಿ ಕಂಬ ಮುಟ್ಟಿಸಿದ್ರು. ಅಡ್ಡಡ್ಡ ಬಿಳಿ ಗೆರೆಗಳು, ಒಂದರ ಕೆಳಗೊಂದು. ನೀರು ಇಳೀತಾ ಎಲ್ಲೆಲ್ಲಿ ನಾಲ್ಕು ದಿನ ನಿಂತಿತೋ ಅಲ್ಲೆಲ್ಲ ಉಪ್ಪಿನ ಗೆರೆ. ಚಪ್ಪಡಿ ತೂತಿನ ಅಂಚು ಮಾತ್ರ ನುಣ್ಣಗೆ ಹೊಳೀತಿತ್ತು, ಗಳ ಉಜ್ಜಿ ಉಜ್ಜಿ.

ನಾವು ಆರಿಫೈಸ್ ಚಾಪ್ಟರ್ ಓದಿದ್ವಿ, ನೀರಿನ ಎತ್ತರ ನಾಲ್ಕು ಪಟ್ಟಾದ್ರೆ ವೇಗ ಎರಡು ಪಟ್ಟು ಅಂತ. ತಾತ ಬೊಗಸೆ ಆಡಿಸ್ತಾ ಹೇಳಿದ್ರು, 'ಕಟ್ಟೆ ತುಂಬಿದ್ರೆ ಬಿರಡೆ ನಾಲ್ಕು ಬೆಳ್ಳು ಎತ್ತಿದ್ರೆ ಸಾಕು, ತಳಕ್ಕೆ ಬಂದಾಗ ಪೂರ್ತಿ ಎತ್ತಬೇಕು.' ಮಧುಗಿರಿಯವಳು ನೋಟ್ ಮಾಡಿಕೊಂಡ್ಲು. ಎಕ್ಸಾಮಲ್ಲಿ ಬಂದ್ರೆ ಹೀಗೇ ಬರೀತಾಳಂತೆ.

ವಾಪಸ್ ಬಂದು ಕಂಬಗಳನ್ನ ತೊಳೆದ್ವಿ. ಗೆರೆಗಳನ್ನ ಮದಲೂರಿನವನೇ ಎಳೆದ. ರಂಗೋಲಿ ಪುಡಿ, ಫೆವಿಕಾಲ್ ನೀರು, ಒಂದೇ ಕೂದಲಿನ ಹಾಗಿದ್ದ ಬ್ರಶ್ಶು. ಹನ್ನೊಂದು ಗೆರೆ. ಮೇಲಿನದು ಚಪ್ಪಡಿಯ ಹತ್ತಿರ ಇತ್ತು. ಅದನ್ನೆಳೆದು ತುಂಬಾ ಹೊತ್ತು ನೋಡಿದ. ರೆಸಿನ್ ಮಾತು ಮತ್ತೆ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಬಿರುಕುಗಳ ಬಗ್ಗೆಯೂ ಏನೂ ಅನ್ನಲಿಲ್ಲ.

ಪ್ರದರ್ಶನದ ಹಿಂದಿನ ರಾತ್ರಿ ಮುಗಿದ ಮಾಡೆಲ್ಲಿನ ಫೋಟೋ ತಾತನಿಗೆ ಕಳಿಸಿದ್ವಿ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದ್ರು. ಗೆರೆ ಸರಿಯಾಗವೆ ಅಂದ್ರು. ಆಮೇಲೆ, 'ಬಿರಡೆ ಯಾಕ್ ಎತ್ತಿಟ್ಟಿದೀರಾ?' ಅಂದ್ರು. ಕೆಳಗಿನ ತೂತು ಜನಕ್ಕೆ ಕಾಣಲಿ ಅಂತ ನಾವೇ ಎತ್ತಿ ಅಂಟಿಸಿದ್ವಿ. ಕಟ್ಟೆ ಒಣಗಿದೆಯಲ್ಲ ತಾತ, ಎತ್ತಿದ್ರೇನು ಮುಚ್ಚಿದ್ರೇನು ಅಂದ್ವಿ.

'ಹಂಗಂದ್ರೆ ಹೆಂಗ್ರಪ್ಪಾ. ರಾತ್ರಿ ಮಳೆ ಬಂದ್ರೆ ಬಂದ ನೀರೆಲ್ಲ ಹೊಂಟೋಗ್ತದೆ. ಮುಚ್ಚಿಡ್ರಿ.'

ಫೆವಿಕ್ವಿಕ್ ಹಾಕಿದ್ದ ಗಳವನ್ನ ಬ್ಲೇಡಿನಿಂದ ಬಿಡಿಸೋ ಹೊತ್ತಿಗೆ ರಾತ್ರಿ ಒಂದು ಗಂಟೆ. ಒಂದು ಚಪ್ಪಡಿಯ ಮೂಲೆ ಮುಕ್ಕಾಯ್ತು, ಇರಲಿ. ಬಿರಡೆಯನ್ನ ಕೆಳಕ್ಕೆ ಇಳಿಸಿ, ತೂತಿಗೆ ಸರಿಯಾಗಿ ಕೂತಿದೆಯಾ ಅಂತ ಮೂರು ಜನವೂ ಮೊಬೈಲ್ ಟಾರ್ಚ್ ಹಾಕಿ ನೋಡಿ ಮಲಗೋಕೆ ಹೋದ್ವಿ.