ಹೊಟ್ಟೆ, ಬೆನ್ನು ಮತ್ತು ನಮ್ಮ ಮನೆಯ ಗಾದೆ

ಬೆನ್ನು ನೋವಿಗೂ ಹೊಟ್ಟೆಗೂ ಏನು ಸಂಬಂಧ ಅಂತ ಕೇಳಿದ್ರೆ ಬಾಣಾವರದ ನಮ್ಮ ಮನೆಯಲ್ಲಿ ಉತ್ತರ ರೆಡಿ ಇದೆ: “ಊಟ ಬಲ್ಲವನಿಗೆ ರೋಗವಿಲ್ಲ.” ದೊಡ್ಡಪ್ಪನ ಮಗ, ನನ್ನ ಅಣ್ಣ, ಎರಡು ವರ್ಷ ಈ ಗಾದೆ ಕೇಳಿ ಕೇಳಿ ಸುಸ್ತಾಗಿದ್ದಾನೆ.

ಅವನಿಗೆ 24 ವರ್ಷ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ. ಬೆಳಗ್ಗೆ ಎದ್ದರೆ ಸೊಂಟ ಕಟ್ಟಿಗೆ ಥರ ಬಿಗಿ. ಒಂದು ಗಂಟೆ ಓಡಾಡಿದ ಮೇಲೆ ಸಡಿಲ. ಭಾನುವಾರ ಮಲಗಿ ರೆಸ್ಟ್ ತಗೊಂಡ್ರೆ ನೋವು ಇನ್ನೂ ಜಾಸ್ತಿ. “ಮೂಟೆ ಹೊರಲ್ಲ, ಏನಿಲ್ಲ, ಇವನಿಗೆಂಥ ಬೆನ್ನು ನೋವು?” ಅಂತ ನೆಂಟರು. ಕೊನೆಗೆ ಹಾಸನದಲ್ಲಿ ಎಂಆರ್‌ಐ ಆದಾಗ ಕಾಯಿಲೆಗೆ ಹೆಸರು ಸಿಕ್ಕಿತು: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ದೇಹದ ರೋಗನಿರೋಧಕ ವ್ಯವಸ್ಥೆಯೇ ಸೊಂಟ, ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಹುಟ್ಟಿಸುವ ಕಾಯಿಲೆ ಇದು. ಚಿಕಿತ್ಸೆ ಇಲ್ಲದೆ ಬಿಟ್ಟರೆ ಕೆಲವರಲ್ಲಿ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಡಾಕ್ಟರು ಹೊಟ್ಟೆಯ ಬಗ್ಗೆಯೂ ಒಂದೆರಡು ಪ್ರಶ್ನೆ ಕೇಳಿದರಂತೆ. ಅಷ್ಟೇ ಸಾಕಾಯ್ತು. “ನಾನು ಹೇಳಿರಲಿಲ್ವಾ? ಎಲ್ಲಾ ಹೋಟೆಲ್ ಊಟದ್ದೇ!” ಅಂದ್ರು ದೊಡ್ಡಮ್ಮ. ಯಾರೋ ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದರು: ಸ್ಟಾರ್ಚ್ ಬಿಟ್ಟರೆ ಕಾಯಿಲೆ ಮಾಯ. ಮುದ್ದೆ ಬಂದ್, ಅನ್ನ ಬಂದ್. ಅಣ್ಣ ಸಣ್ಣಗಾದ, ನೋವು ಮಾತ್ರ ಹಾಗೇ ಇತ್ತು.

ರಜೆಯಲ್ಲಿ ಕೂತು ಇದರ ಬಗ್ಗೆ ಓದಿದೆ. ಹೊಟ್ಟೆಗೂ ಬೆನ್ನಿಗೂ ಸಂಬಂಧ ಇರೋದು ನಿಜ. ಆದರೆ ಅದು ಗಾದೆ ಹೇಳೋ ಸಂಬಂಧ ಅಲ್ಲ. ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಎಲ್‌ಎ-ಬಿ27 ಎಂಬ ಜೀನ್ ಇರುತ್ತದೆ ಅಂತ 1973ರಲ್ಲೇ ಗೊತ್ತಾಯ್ತು. ಆದರೆ ಆ ಜೀನ್ ಇರುವ ಎಲ್ಲರಿಗೂ ಕಾಯಿಲೆ ಬರಲ್ಲ, ಕೆಲವರಿಗಷ್ಟೇ ಬರುತ್ತೆ. ಹಾಗಾದರೆ ಇನ್ನೇನೋ ಬೇಕು. ಮನುಷ್ಯರ ಈ ಜೀನನ್ನು ಇಲಿಗಳಿಗೆ ಸೇರಿಸಿದಾಗ ಅವುಗಳ ಕರುಳಲ್ಲೂ ಕೀಲಲ್ಲೂ ಉರಿಯೂತ ಬಂತು. ಅದೇ ಇಲಿಗಳನ್ನು ಒಂದೂ ಬ್ಯಾಕ್ಟೀರಿಯಾ ಇಲ್ಲದ ಜಾಗದಲ್ಲಿ ಬೆಳೆಸಿದಾಗ ಎರಡೂ ಬರಲಿಲ್ಲ. ಇದು 1994ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ. ಅದಕ್ಕೂ ಮೊದಲು ಬೆಲ್ಜಿಯಂನ ಗೆಂಟ್‌ನಲ್ಲಿ ಇಂಥ ರೋಗಿಗಳ ಕರುಳಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಹೊಟ್ಟೆಯ ತೊಂದರೆಯೇ ಇಲ್ಲದವರನ್ನೂ ಸೇರಿಸಿ, ಸುಮಾರು ಅರ್ಧದಷ್ಟು ಜನರ ಕರುಳಲ್ಲಿ ಉರಿಯೂತ ಕಂಡಿತ್ತು.

ಬ್ಯಾಕ್ಟೀರಿಯಾ ನಮ್ಮೆಲ್ಲರ ಕರುಳಲ್ಲೂ ಇವೆ. ಬಿ27 ಇರುವ ಕೆಲವರ ದೇಹ ಅವುಗಳ ಜೊತೆ ಬೇರೆ ಥರ ವರ್ತಿಸುತ್ತೆ. ಇದರಲ್ಲಿ ಅಣ್ಣನ ತಪ್ಪೇನಿದೆ? ಅವನು ಜೀನ್ ಆರಿಸಿಕೊಂಡು ಹುಟ್ಟಲಿಲ್ಲ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಮೇಲೆ ಬಹಳ ಕಾಲದಿಂದ ಅನುಮಾನ ಇದೆ. ಸ್ಟಾರ್ಚ್ ಬಿಡಿ ಅನ್ನೋ ಸಲಹೆ ಬಂದಿದ್ದೂ ಅಲ್ಲಿಂದಲೇ. ಆದರೆ ಇದೇ ಬ್ಯಾಕ್ಟೀರಿಯಾ ಕಾರಣ ಅಂತಾಗಲಿ, ಮುದ್ದೆ ಬಿಟ್ಟರೆ ವಾಸಿ ಅಂತಾಗಲಿ ಸಾಬೀತಾಗಿಲ್ಲ.

ಇಷ್ಟನ್ನೂ ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳೋಕೆ ಒಂದು ಸಂಜೆ ಪೂರ್ತಿ ಬೇಕಾಯ್ತು. ಇಂಗ್ಲಿಷ್ ಮೀಡಿಯಂ ಕಷ್ಟ ಆಗ ಗೊತ್ತಾಯ್ತು. ಎಲ್ಲಾ ಕೇಳಿ ಅವರು ಕೇಳಿದ್ದು ಒಂದೇ: “ಹಾಗಾದ್ರೆ ಮುದ್ದೆ ಹಾಕ್ಲಾ?”

“ಹಾಕಿ ದೊಡ್ಡಮ್ಮ.”

ಈಗ ಅಣ್ಣ ಮಾತ್ರೆ ತಗೋತಾನೆ, ದಿನಾ ವ್ಯಾಯಾಮ ಮಾಡ್ತಾನೆ. ಬೆಳಗಿನ ಬಿಗಿತ ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ.

ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು ನಮ್ಮ ವಯಸ್ಸಲ್ಲೇ. ನಿಮ್ಮ ರೂಮ್‌ಮೇಟ್‌ಗೆ ಮೂರು ತಿಂಗಳಿಗಿಂತ ಹೆಚ್ಚು ಬೆನ್ನು ನೋವಿದ್ದು, ಮಲಗಿದರೆ ಜಾಸ್ತಿಯಾಗಿ ಓಡಾಡಿದರೆ ಕಡಿಮೆ ಆಗ್ತಿದ್ರೆ, “ಮೆಸ್ ಊಟ ಕಣೋ” ಅಂತ ನಕ್ಕು ಬಿಡಬೇಡಿ. ರುಮಟಾಲಜಿಸ್ಟ್ ಹತ್ರ ಕರ್ಕೊಂಡು ಹೋಗಿ.